ಕೆರೆ ಉಳಿಯಲು ಎಷ್ಟು ಕೊಡುತ್ತೀರಿ?

ಬೆಳಗಿನ ಆರು ಗಂಟೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಮೈಸೂರಿನ ಕುಕ್ಕರಹಳ್ಳಿ ಕೆರೆಯ ನೀರಿಗೆ ಹೆಜ್ಜಾರ್ಲೆಯೊಂದು ಭಾರವಾಗಿ ಇಳಿಯಿತು. ಏರಿಯ ಮೇಲೆ ನಿಂತು ಅದನ್ನೇ ನೋಡುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: ‘ಈ ಕೆರೆ, ಈ ಮರಗಳು ಹೀಗೆಯೇ ಉಳಿಯಲು ತಿಂಗಳಿಗೆ ನೂರು ರೂಪಾಯಿ ಕೊಡುತ್ತೀರಾ?’

‘ಒಂದು ಪೈಸೆಯನ್ನೂ ಕೊಡುವುದಿಲ್ಲ. ತೆರಿಗೆ ಕಟ್ಟುತ್ತಿದ್ದೇನಲ್ಲ!’

ಮಾತು ಬೆಳೆದಾಗ ತಿಳಿಯಿತು, ಅವರು ಹನ್ನೊಂದು ವರ್ಷಗಳಿಂದ ಬೋಗಾದಿಯ ಆಚೆಯಿಂದ ದಿನವೂ ಸ್ಕೂಟರಿನಲ್ಲಿ ಬರುತ್ತಾರೆ.

ಅವರ ಪಾಲಿಗೆ ಕೆರೆಯ ಬೆಲೆ ಸೊನ್ನೆಯೆಂದು ಬರೆದುಕೊಂಡರೆ ಲೆಕ್ಕವೇ ತಪ್ಪುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಪ್ರತಿಭಟನೆಯ ಸೊನ್ನೆ ಎಂದು ಬೇರೆಯೇ ಎಣಿಸುತ್ತಾರೆ. ಅವರು ಬೇಡವೆಂದದ್ದು ಹಣ ಕೇಳಿದ ರೀತಿಯನ್ನು, ಕೆರೆಯನ್ನಲ್ಲ. ಅವರ ಪೆಟ್ರೋಲು, ಅವರ ಸಮಯ ಇವೂ ಕೆರೆಗಾಗಿ ತೆತ್ತ ಬೆಲೆಯೇ. ಪ್ರಯಾಣದ ಖರ್ಚಿನಿಂದ ಉದ್ಯಾನದ ಮೌಲ್ಯ ತಿಳಿಯಬಹುದೆಂದು ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1947ರಲ್ಲೇ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಪತ್ರ ಬರೆದಿದ್ದರು.

ಕೆರೆಯ ಕಡೆ ಕಾಲಿಡದವರಿಗೂ ಅದು ಇರಲಿ ಎನ್ನಿಸುತ್ತದೆ. ಅದನ್ನು ಕೇಳಿಯೇ ತಿಳಿಯಬೇಕು. 1989ರಲ್ಲಿ ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ತೈಲ ಚೆಲ್ಲಿದ ಮೇಲೆ ಅಮೆರಿಕದ ಮನೆಮನೆಗಳಲ್ಲಿ ಹಾಗೆ ಕೇಳಿದ್ದುಂಟು.

ಆದರೆ ಉತ್ತರಗಳನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ತೈಲದ ಹೊಂಡಗಳಿಗೆ ಬೀಳುವ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರಿ ಎಂದು ಅಮೆರಿಕದಲ್ಲೇ ಇನ್ನೊಮ್ಮೆ ಕೇಳಿದರು. ಒಂದು ಗುಂಪಿಗೆ 2,000 ಹಕ್ಕಿ ಎಂದರು, ಮತ್ತೊಂದಕ್ಕೆ 20,000, ಮೂರನೆಯದಕ್ಕೆ ಎರಡು ಲಕ್ಷ. ಬಂದ ಸರಾಸರಿ 80, 78, 88 ಡಾಲರ್! ಜನ ಹಕ್ಕಿಗಳನ್ನು ಎಣಿಸಲಿಲ್ಲ; ಒಳ್ಳೆಯ ಕೆಲಸಕ್ಕೆ ಇಷ್ಟು ಎಂದು ಮನಸ್ಸಿನಲ್ಲೇ ಎತ್ತಿಟ್ಟರು. ನೊಬೆಲ್ ಪುರಸ್ಕೃತರಾದ ಕೆನೆತ್ ಆ್ಯರೋ, ರಾಬರ್ಟ್ ಸೋಲೋ ಅವರಿದ್ದ ಸಮಿತಿ 1993ರಲ್ಲಿ ನೀಡಿದ ಸಲಹೆ ನನಗೆ ಸರಿ ಎನ್ನಿಸುತ್ತದೆ: ‘ಎಷ್ಟು ಕೊಡುತ್ತೀರಿ’ ಎನ್ನಬೇಡಿ, ಮೊತ್ತವನ್ನು ನೀವೇ ಹೇಳಿ, ಮತದಾನದಂತೆ ಹೌದು ಅಥವಾ ಇಲ್ಲ ಎನ್ನಲು ಬಿಡಿ.

ಮೈಸೂರಿನ ಇನ್ನೊಂದು ಕೆರೆಯಾದ ಕಾರಂಜಿಗೆ ನಾವು ಟಿಕೆಟ್ ಕೊಂಡೇ ಹೋಗುತ್ತೇವೆ. ಆದರೆ ಆ ಟಿಕೆಟ್ ಒಳಗೆ ಹೋದವರನ್ನಷ್ಟೇ ಎಣಿಸುತ್ತದೆ. ಹೂ ಮಾರುವವಳಿಗೆ ನೂರು ರೂಪಾಯಿ ಎಂದರೆ ಎರಡು ಹೊತ್ತಿನ ಊಟ. ಅವಳು ಇಲ್ಲವೆಂದರೆ ಅವಳಿಗೆ ನೆರಳು ಬೇಡವೆಂದು ಅರ್ಥವಲ್ಲ. ಅದಕ್ಕೇ ಕೆಲವು ಸಮೀಕ್ಷೆಗಳು ಹಣದ ಬದಲು ದುಡಿಮೆಯ ದಿನಗಳನ್ನು ಕೇಳುತ್ತವೆ.

ಆ ಹಿರಿಯರನ್ನೂ ಹಾಗೆಯೇ ಕೇಳಿದೆ: ‘ವಾರಕ್ಕೊಂದು ಗಂಟೆ ಏರಿಯ ಮೇಲಿನ ಪ್ಲಾಸ್ಟಿಕ್ ಹೆಕ್ಕಲು ಬರುತ್ತೀರಾ?’

‘ಭಾನುವಾರ ಎಷ್ಟು ಹೊತ್ತಿಗೆ?’ ಎಂದರು.