ಬ್ರೆಕ್ಸಿಟ್: ಮತಪತ್ರ ಕೇಳದೇ ಬಿಟ್ಟ ಗಡಿಯ ಪ್ರಶ್ನೆ

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಐರೋಪ್ಯ ಒಕ್ಕೂಟದಲ್ಲಿ ಉಳಿಯುವುದೋ, ಬಿಡುವುದೋ? ಶೇ 72ರಷ್ಟು ಜನ ಮತ ಹಾಕಿದರು. ಬಿಡೋಣ ಎಂದವರು ಶೇ 51.9, ಉಳಿಯೋಣ ಎಂದವರು ಶೇ 48.1. ಬಿಟ್ಟ ಮೇಲೆ ನೆರೆಯವರೊಂದಿಗೆ ಯಾವ ಬಗೆಯ ವ್ಯಾಪಾರ, ಎಂಥ ಗಡಿ, ಯಾರ ಕಾನೂನು ಎಂಬುದನ್ನು ಮತಪತ್ರ ಕೇಳಿರಲಿಲ್ಲ. ಆ ದಿನದಿಂದ 2024ರ ಚುನಾವಣೆ ಮುಗಿಯುವ ಹೊತ್ತಿಗೆ ಬ್ರಿಟನ್ ಆರು ಪ್ರಧಾನಿಗಳನ್ನು ಕಂಡಿತು. ಬ್ಯಾಕ್‌ಸ್ಟಾಪ್, ಪ್ರೋಟೊಕಾಲ್, ವಿಂಡ್ಸರ್ ಚೌಕಟ್ಟು ಎಂದು ಒಂದರ ಮೇಲೊಂದು ಹೆಸರು ಬಂದು, ಮೊದಲಿನಿಂದ ಸುದ್ದಿ ಓದುತ್ತಿದ್ದವರಿಗೂ ಎಳೆ ತಪ್ಪಿತು. ಆ ಎಳೆಯನ್ನು ಹಿಡಿಯಲು ಲಂಡನ್ನಿಗಿಂತ ಉತ್ತರ ಐರ್ಲೆಂಡ್‌ನಿಂದ ಹೊರಡುವುದು ಮೇಲು. ಅದಕ್ಕೂ ಮುಂಚಿನ ಕಥೆಯನ್ನು ಚುಟುಕಾಗಿ ಹೇಳಿಬಿಡಬೇಕು.

ಯುರೋಪಿನ ಬಾಗಿಲನ್ನು ಬ್ರಿಟನ್ ತಟ್ಟಿದಾಗ ಫ್ರಾನ್ಸಿನ ಡಿಗಾಲ್ 1963ರಲ್ಲೊಮ್ಮೆ, 1967ರಲ್ಲೊಮ್ಮೆ ತಡೆದರು. 1973ರಲ್ಲಿ ಕೊನೆಗೂ ಪ್ರವೇಶ ಸಿಕ್ಕಿತು. ಎರಡೇ ವರ್ಷದಲ್ಲಿ, ಇರಬೇಕೋ ಬೇಡವೋ ಎಂಬ ಜನಮತಗಣನೆ ನಡೆದು ಶೇ 67ರಷ್ಟು ಜನ ಇರೋಣ ಎಂದರು. 1984ರಲ್ಲಿ ಥ್ಯಾಚರ್ ಒಕ್ಕೂಟಕ್ಕೆ ಕಟ್ಟುವ ಹಣದಲ್ಲಿ ರಿಯಾಯಿತಿ ಗಳಿಸಿದರು. 1992ರ ಸೆಪ್ಟೆಂಬರಿನಲ್ಲಿ ಯುರೋಪಿನ ವಿನಿಮಯ ದರ ವ್ಯವಸ್ಥೆಯಿಂದ ಪೌಂಡ್ ಅವಮಾನಪಟ್ಟು ಹೊರಬಂದಾಗ ಕನ್ಸರ್ವೇಟಿವ್ ಪಕ್ಷದೊಳಗಿನ ಬಿರುಕು ಬಯಲಾಯಿತು. 2004ರಲ್ಲಿ ಪೂರ್ವ ಯುರೋಪಿನ ದೇಶಗಳು ಒಕ್ಕೂಟ ಸೇರಿದಾಗ ಕೆಲಸಗಾರರಿಗೆ ಕೂಡಲೇ ಬಾಗಿಲು ತೆರೆದ ಮೂರು ದೇಶಗಳಲ್ಲಿ ಬ್ರಿಟನ್ ಒಂದು. ಬಂದವರ ಸಂಖ್ಯೆ ಸರ್ಕಾರದ ಲೆಕ್ಕಾಚಾರವನ್ನು ಎಷ್ಟೋ ಪಟ್ಟು ಮೀರಿತು. 2008ರ ಕುಸಿತ, ಅದರ ಬೆನ್ನಿಗೆ ಬಂದ ಖರ್ಚು ಕಡಿತ ಸಣ್ಣ ಊರುಗಳ ಗ್ರಂಥಾಲಯ, ಬಸ್ಸು, ಆಸ್ಪತ್ರೆಗಳನ್ನು ಹಿಂಡಿದವು. ಒಕ್ಕೂಟ ಬಿಡಬೇಕೆನ್ನುವ ಯುಕೆಐಪಿ ಪಕ್ಷ ಬಲಿಯಿತು. ತಮ್ಮ ಕನ್ಸರ್ವೇಟಿವ್ ಪಕ್ಷದೊಳಗಿನ ಜಗಳ ತೀರಿಸಲು ಪ್ರಧಾನಿ ಡೇವಿಡ್ ಕ್ಯಾಮರಾನ್ 2013ರ ಜನವರಿಯಲ್ಲಿ ಜನಮತಗಣನೆಯ ಮಾತು ಕೊಟ್ಟರು.

ಫಲಿತಾಂಶ ಬಂದ ಬೆಳಿಗ್ಗೆಯೇ ಅವರು ರಾಜೀನಾಮೆ ಪ್ರಕಟಿಸಿದರು. ಪೌಂಡ್ ಒಂದೇ ರಾತ್ರಿಯಲ್ಲಿ ಡಾಲರಿನೆದುರು 1985ರ ನಂತರದ ಕನಿಷ್ಠ ಮಟ್ಟಕ್ಕೆ ಇಳಿಯಿತು. ಆಗಸ್ಟಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿದರವನ್ನು ಶೇ 0.25ಕ್ಕೆ ತಂದಿತು. ಹೆದರಿಸಿದಂತೆ ತಕ್ಷಣದ ಹಿಂಜರಿತವೇನೂ ಬರಲಿಲ್ಲ. ಆದರೆ ಆಮದು ಸರಕು ತುಟ್ಟಿಯಾಗಿ ಅಂಗಡಿಯ ಬೆಲೆಗಳು ಮೆಲ್ಲಗೆ ಏರಿದವು. ಸ್ಕಾಟ್ಲೆಂಡ್ ಶೇ 62ರಷ್ಟು, ಉತ್ತರ ಐರ್ಲೆಂಡ್ ಶೇ 55.8ರಷ್ಟು ಉಳಿಯೋಣ ಎಂದಿದ್ದವು. ಡೆರಿ ನಗರವಿರುವ ಫಾಯ್ಲ್ ಕ್ಷೇತ್ರದಲ್ಲಂತೂ ಆ ಪಾಲು ಶೇ 78. ಪ್ರಚಾರದ ತಿಂಗಳುಗಳಲ್ಲಿ ವಲಸೆ, ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಹೋಗುತ್ತದೆಂದು ಕೆಂಪು ಬಸ್ಸಿನ ಮೇಲೆ ಬರೆಸಿದ್ದ ಲೆಕ್ಕ, ಬ್ರಸೆಲ್ಸ್‌ನ ಕಾನೂನು ಎಲ್ಲವೂ ದಿನಬೆಳಗಾದರೆ ಚರ್ಚೆಯಾಗಿದ್ದವು. ಮಾಜಿ ಪ್ರಧಾನಿಗಳಾದ ಜಾನ್ ಮೇಜರ್ ಮತ್ತು ಟೋನಿ ಬ್ಲೇರ್ ಡೆರಿಗೇ ಹೋಗಿ, ಇಲ್ಲಿನ ಶಾಂತಿಗೆ ಧಕ್ಕೆಯಾದೀತು ಎಂದು ಎಚ್ಚರಿಸಿದ್ದರು. ಇಂಗ್ಲೆಂಡಿನ ಮಟ್ಟಿಗೆ ಆ ಮಾತು ದೂರದ ಸುದ್ದಿಯಾಗಿಯೇ ಉಳಿಯಿತು.

ಆ ದೂರದ ಗಡಿಯ ಉದ್ದ ಸುಮಾರು 500 ಕಿಲೋಮೀಟರ್. 1921ರಲ್ಲಿ ಐರ್ಲೆಂಡ್ ದ್ವೀಪವನ್ನು ಇಬ್ಭಾಗ ಮಾಡಿದಾಗ ಹುಟ್ಟಿದ ಗೆರೆ ಅದು. ಒಂದು ಕಡೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್, ಇನ್ನೊಂದು ಕಡೆ ಒಕ್ಕೂಟದಲ್ಲೇ ಉಳಿದ ಸ್ವತಂತ್ರ ದೇಶ ಐರ್ಲೆಂಡ್. ಹೊಲಗಳ ನಡುವೆ, ಕೆಲವೆಡೆ ಮನೆಗಳ ನಡುವೆಯೂ ಹಾಯುತ್ತದೆ. 200ಕ್ಕೂ ಹೆಚ್ಚು ರಸ್ತೆಗಳು ಅದನ್ನು ದಾಟುತ್ತವೆ. 1960ರ ದಶಕದ ಕೊನೆಯಿಂದ ಮೂರು ದಶಕ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಬ್ರಿಟನ್ನಿನೊಂದಿಗೆ ಇರಬೇಕೆಂಬ ಯೂನಿಯನಿಸ್ಟರು ಒಂದು ಕಡೆ, ಐರ್ಲೆಂಡ್ ಒಂದಾಗಬೇಕೆಂಬ ರಾಷ್ಟ್ರೀಯವಾದಿಗಳು ಇನ್ನೊಂದು ಕಡೆ. ಗಡಿಯಲ್ಲಿದ್ದ ಸುಂಕದ ಠಾಣೆಗಳು ಬಾಂಬಿಗೆ ಸುಲಭದ ಗುರಿಯಾಗಿದ್ದವು, ಸೈನ್ಯದ ಕಾವಲು ಗೋಪುರಗಳು ಗುಡ್ಡಗಳ ಮೇಲೆ ನಿಂತಿದ್ದವು. 1993ರಲ್ಲಿ ಯುರೋಪಿನ ಏಕ ಮಾರುಕಟ್ಟೆ, ಎಂದರೆ ಸದಸ್ಯ ದೇಶಗಳಿಗೆಲ್ಲ ಒಂದೇ ನಿಯಮದ ಮಾರುಕಟ್ಟೆ, ಬಂದಾಗ ಸುಂಕದ ತಪಾಸಣೆ ನಿಂತಿತು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಗೋಪುರಗಳೂ ಇಳಿದವು. ಈಗ ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ಹೋಗುವವರಿಗೆ ಗಡಿ ದಾಟಿದ್ದು ತಿಳಿಯುವುದು ರಸ್ತೆ ಫಲಕದಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದಾಗ.

ಈ ಗಡಿ ಮಾಯವಾದದ್ದರ ಮೇಲೆ ಒಂದು ಬದುಕೇ ಬೆಳೆದಿದೆ. ಉತ್ತರದ ಹಸುಗಳ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ದಕ್ಷಿಣದ ಡೇರಿಗಳಿಗೆ ಹೋಗುತ್ತದೆ. ಡಬ್ಲಿನ್‌ನಲ್ಲಿ ತಯಾರಾಗುವ ಗಿನ್ನೆಸ್ ಬಿಯರು ಬೆಲ್‌ಫಾಸ್ಟ್‌ನಲ್ಲಿ ಬಾಟಲಿಗೆ, ಡಬ್ಬಿಗೆ ತುಂಬಿಸಿಕೊಂಡು ಮತ್ತೆ ದಕ್ಷಿಣಕ್ಕೆ ಮರಳುತ್ತದೆ. ಜಿಎಸ್‌ಟಿಗೆ ಮುಂಚೆ ರಾಜ್ಯಗಳ ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಕಾಗದ ಹಿಡಿದು ಕಾಯುತ್ತಿದ್ದ ಲಾರಿಗಳ ಸಾಲು ನೋಡಿದ ನಮ್ಮವರಿಗೆ, ಗಡಿ ಇಲ್ಲದಿರುವುದರ ಬೆಲೆ ಏನೆಂದು ಅರ್ಥವಾದೀತು. ಅಲ್ಲಿ ಅದರ ಜೊತೆಗೆ ಜೀವದ ಪ್ರಶ್ನೆಯೂ ಇತ್ತು. ಗಡಿಯಲ್ಲಿ ಏನೇ ಕಟ್ಟಿದರೂ ಅದು ದಾಳಿಗೆ ಗುರಿಯಾಗುತ್ತದೆ, ಅದನ್ನು ಕಾಯುವ ಪೊಲೀಸರೂ ಗುರಿಯಾಗುತ್ತಾರೆ ಎಂದು ಉತ್ತರ ಐರ್ಲೆಂಡ್‌ನ ಪೊಲೀಸ್ ಮುಖ್ಯಸ್ಥರೇ 2018ರಲ್ಲಿ ಎಚ್ಚರಿಸಿದರು.

ಕಗ್ಗಂಟು ಬಿಗಿದದ್ದು 2017ರ ಜನವರಿಯಲ್ಲಿ. ಪ್ರಧಾನಿ ಥೆರೆಸಾ ಮೇ ಲ್ಯಾಂಕಾಸ್ಟರ್ ಹೌಸ್‌ನ ಭಾಷಣದಲ್ಲಿ, ಏಕ ಮಾರುಕಟ್ಟೆಯಿಂದ ಹೊರಬರುತ್ತೇವೆ, ಸುಂಕ ಒಕ್ಕೂಟದಲ್ಲೂ (ಒಳಗೆ ಸುಂಕವಿಲ್ಲ, ಹೊರಗಿನ ಸರಕಿಗೆ ಎಲ್ಲರದೂ ಒಂದೇ ಸುಂಕ) ಈಗಿನಂತೆ ಇರುವುದಿಲ್ಲ ಎಂದರು. ಐರ್ಲೆಂಡ್‌ನಲ್ಲಿ ಹಳೆಯ ಗಡಿ ಮರಳದು ಎಂದೂ ಹೇಳಿದರು. ಉತ್ತರ ಐರ್ಲೆಂಡ್ ಮತ್ತು ಬ್ರಿಟನ್ನಿನ ಉಳಿದ ಭಾಗದ ನಡುವೆ ಬೇಲಿ ಹಾಕುವುದಿಲ್ಲ ಎಂಬ ಮಾತನ್ನೂ ಸರ್ಕಾರ ಕೊಡುತ್ತಾ ಬಂತು. ಈ ಮೂರರಲ್ಲಿ ಯಾವುದೇ ಎರಡನ್ನು ಉಳಿಸಿಕೊಳ್ಳಬಹುದು, ಮೂರೂ ಒಟ್ಟಿಗೆ ದಕ್ಕುವುದಿಲ್ಲ. ಎರಡು ಮಾರುಕಟ್ಟೆಗಳ ನಿಯಮ ಬೇರೆಯಾದರೆ ಎಲ್ಲಾದರೂ ಒಂದು ಕಡೆ ಸರಕು ನೋಡಲೇಬೇಕು. ಒಂದೋ ಐರ್ಲೆಂಡ್ ದ್ವೀಪದ ನೆಲದ ಮೇಲೆ, ಇಲ್ಲವೇ ಐರಿಶ್ ಸಮುದ್ರದ ಬಂದರುಗಳಲ್ಲಿ. ಮುಂದಿನ ಏಳು ವರ್ಷದ ರಾಜಕೀಯದಲ್ಲಿ ಹೆಚ್ಚಿನದೆಲ್ಲ ಈ ಸರಳ ಸಂಗತಿಯನ್ನು ಒಪ್ಪಿಕೊಳ್ಳದೇ ತಳ್ಳಿದ ಕಾಲ ಎಂದೇ ಅನಿಸುತ್ತದೆ.

2017ರ ಮಾರ್ಚ್ 29ರಂದು, ಒಕ್ಕೂಟ ಬಿಡುವ ಕ್ರಮ ಹೇಳುವ 50ನೇ ವಿಧಿಯಂತೆ ಎರಡು ವರ್ಷದ ಗಡುವು ಶುರುವಾಯಿತು. ಜೂನಿನಲ್ಲಿ ಅವಧಿಗೆ ಮುಂಚೆ ನಡೆದ ಚುನಾವಣೆಯಲ್ಲಿ ಮೇ ಬಹುಮತ ಕಳೆದುಕೊಂಡರು. ಸರ್ಕಾರ ನಿಂತದ್ದು ಉತ್ತರ ಐರ್ಲೆಂಡ್‌ನ ಡಿಯುಪಿ ಎಂಬ ಯೂನಿಯನಿಸ್ಟ್ ಪಕ್ಷದ ಹತ್ತು ಸಂಸದರ ಬೆಂಬಲದ ಮೇಲೆ. ಉಳಿಯೋಣ ಎಂದಿದ್ದ ನಾಡಿನ ಪರವಾಗಿ, ಬಿಡೋಣ ಎಂದಿದ್ದ ಪಕ್ಷದ ದನಿಯೇ ಹೆಚ್ಚಾಗಿ ಪಾರ್ಲಿಮೆಂಟಿನಲ್ಲಿ ಕೇಳುವಂತಾಯಿತು. ಏಳು ಸ್ಥಾನ ಗೆದ್ದಿದ್ದ ರಾಷ್ಟ್ರೀಯವಾದಿ ಪಕ್ಷ ಸಿನ್ ಫೇನ್ ತನ್ನ ಹಳೆಯ ನಿಲುವಿನಂತೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕೂರುವುದಿಲ್ಲ. ಬೆಲ್‌ಫಾಸ್ಟ್‌ನ ಸ್ಟಾರ್ಮಂಟ್ ಶಾಸನಸಭೆಯಲ್ಲಿ ಆ ಹೊತ್ತಿಗೆ ಸರ್ಕಾರವೇ ಇರಲಿಲ್ಲ. ತಮ್ಮ ಅಂಗಳದ ಬಗ್ಗೆ ನಡೆದ ಮಾತುಕತೆಯಲ್ಲಿ ಅಲ್ಲಿಯ ಜನಕ್ಕೆ ಇಷ್ಟು ಕಡಿಮೆ ಜಾಗ ಸಿಕ್ಕಿದ್ದು ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನೋವಿನ ಸಂಗತಿಯಾಗಿ ಕಾಣುತ್ತದೆ.

ಡಿಸೆಂಬರ್ 4ರಂದು ಬ್ರಸೆಲ್ಸ್‌ನಲ್ಲಿ ಒಪ್ಪಂದ ಇನ್ನೇನು ಆಗಿಬಿಟ್ಟಿತು ಎನ್ನುವಾಗ ಡಿಯುಪಿ ನಾಯಕಿ ಅರ್ಲೀನ್ ಫಾಸ್ಟರ್ ಅವರ ವಿರೋಧದಿಂದ ಅದು ನಿಂತಿತು. ನಾಲ್ಕು ದಿನದ ನಂತರ ಬಂದ ಜಂಟಿ ವರದಿಯಲ್ಲಿ ಬ್ಯಾಕ್‌ಸ್ಟಾಪಿನ ಬೀಜವಿತ್ತು: ಬೇರೆ ದಾರಿ ಸಿಗದಿದ್ದರೆ, ಗಡಿ ತೆರೆದಿರಲು ಬೇಕಾದಷ್ಟು ಯುರೋಪಿನ ನಿಯಮಗಳನ್ನು ಪಾಲಿಸುವುದು. ಒಕ್ಕೂಟವು ಅದನ್ನು ಉತ್ತರ ಐರ್ಲೆಂಡ್‌ಗಷ್ಟೇ ಸೀಮಿತಗೊಳಿಸಿ ಕರಡು ಬರೆದಾಗ, ಯಾವ ಬ್ರಿಟಿಷ್ ಪ್ರಧಾನಿಯೂ ಇದನ್ನು ಒಪ್ಪಲಾರರು ಎಂದು ಮೇ ಹೇಳಿದರು. 2018ರ ನವೆಂಬರಿನಲ್ಲಿ ಅವರು ತಂದ ಒಪ್ಪಂದದಲ್ಲಿ ಇಡೀ ಬ್ರಿಟನ್ ಸದ್ಯಕ್ಕೆ ಸುಂಕ ಒಕ್ಕೂಟದಂಥ ವ್ಯವಸ್ಥೆಯೊಳಗೇ ಉಳಿಯಬಹುದಿತ್ತು. ಬಿಡುವುದೆಂದರೆ ಪೂರ್ತಿ ಬಿಡುವುದು ಎಂದವರಿಗೆ ಅದು ಬಲೆಯಂತೆ ಕಂಡಿತು. ಉಳಿಯಬೇಕೆಂದವರಿಗೂ ಬೇಡವಾಯಿತು. 2019ರ ಜನವರಿ 15ರಂದು ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ಅದನ್ನು 432–202ರಿಂದ ತಿರಸ್ಕರಿಸಿತು. ಅಲ್ಲಿಯ ಯಾವ ಸರ್ಕಾರವೂ ಅಷ್ಟು ದೊಡ್ಡ ಅಂತರದಲ್ಲಿ ಸೋತಿರಲಿಲ್ಲ. ಮಾರ್ಚಿನಲ್ಲಿ ಇನ್ನೆರಡು ಸಲ ಸೋಲು. ಹೋಗಲಿ, ನಿಮಗೆ ಏನು ಬೇಕು ಹೇಳಿ ಎಂದು ಎಂಟು ಆಯ್ಕೆಗಳನ್ನು ಮುಂದಿಟ್ಟಾಗ ಒಂದಕ್ಕೂ ಬಹುಮತ ಸಿಗಲಿಲ್ಲ. ಗಡುವು ಮುಂದಕ್ಕೆ ಹೋಯಿತು, ಮೇ ಹೊರಟರು.

ಬೋರಿಸ್ ಜಾನ್ಸನ್ ಬಂದರು. ಪಾರ್ಲಿಮೆಂಟಿನ ಅಧಿವೇಶನವನ್ನೇ ಐದು ವಾರ ತಡೆಹಿಡಿದ ಅವರ ಕ್ರಮ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅಕ್ಟೋಬರಿನಲ್ಲಿ ಐರ್ಲೆಂಡ್ ಪ್ರಧಾನಿ ಲಿಯೊ ವರಾಡ್ಕರ್ ಜೊತೆ ಮಾತಾಡಿದ ಮೇಲೆ ಹೊಸ ಪ್ರೋಟೊಕಾಲ್ ಸಿದ್ಧವಾಯಿತು. ಉತ್ತರ ಐರ್ಲೆಂಡ್ ಸರಕಿನ ಮಟ್ಟಿಗೆ ಯುರೋಪಿನ ನಿಯಮದಲ್ಲಿ ಉಳಿಯುತ್ತದೆ, ತಪಾಸಣೆ ಸಮುದ್ರದ ಬಂದರುಗಳಲ್ಲಿ ನಡೆಯುತ್ತದೆ. ಹಿಂದಿನ ಪ್ರಧಾನಿ ಒಪ್ಪಲಾಗದು ಎಂದಿದ್ದು ಬಹುಮಟ್ಟಿಗೆ ಇದನ್ನೇ. ಡಿಸೆಂಬರಿನ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 365 ಸ್ಥಾನ ಗೆದ್ದಿತು. 2020ರ ಜನವರಿ 31ರಂದು ಬ್ರಿಟನ್ ಹೊರಬಂತು. ಹಳೆಯ ನಿಯಮಗಳು ವರ್ಷದ ಕೊನೆಯವರೆಗೆ ಮುಂದುವರಿದವು. ಕ್ರಿಸ್‌ಮಸ್‌ನ ಹಿಂದಿನ ದಿನ ವ್ಯಾಪಾರ ಒಪ್ಪಂದ ಕುದುರಿತು.

ಆ ಒಪ್ಪಂದದಲ್ಲಿ ಸುಂಕವಿಲ್ಲ, ಸರಕಿನ ಮಿತಿಯಿಲ್ಲ. ಆದರೂ ವ್ಯಾಪಾರ ಕುಂಟಿದ್ದಕ್ಕೆ ಕಾರಣ ಕಾಗದಪತ್ರ. ಮಾಂಸ, ಮೀನು, ಚೀಸ್ ಕಳಿಸುವವರು ಪ್ರತಿ ಸಲ ಪಶುವೈದ್ಯರ ಅಥವಾ ಅಧಿಕೃತ ತಪಾಸಕರ ಸಹಿಯಿರುವ ಆರೋಗ್ಯ ಪ್ರಮಾಣಪತ್ರ ಮಾಡಿಸಬೇಕು. ಸರಕು ಎಲ್ಲಿ ತಯಾರಾಯಿತು, ಬಿಡಿಭಾಗ ಎಲ್ಲಿಯದು ಎಂದು ತೋರಿಸಬೇಕು. ದೊಡ್ಡ ಕಂಪನಿಗಳು ಇದಕ್ಕೆಂದೇ ಜನರನ್ನಿಟ್ಟುಕೊಂಡವು. ಸಣ್ಣವರಲ್ಲಿ ಎಷ್ಟೋ ಮಂದಿ ಯುರೋಪಿಗೆ ಮಾರುವುದನ್ನೇ ಬಿಟ್ಟರು. 2021ರ ಜನವರಿಯಲ್ಲೇ ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳು ಲಾರಿಗಳನ್ನು ಲಂಡನ್ನಿಗೆ ತಂದು ಪ್ರತಿಭಟಿಸಿದರು. ಐರೋಪ್ಯ ಔಷಧ ಸಂಸ್ಥೆ ಅದಕ್ಕೂ ಮುಂಚೆಯೇ ಲಂಡನ್ ಬಿಟ್ಟು ಆಮ್‌ಸ್ಟರ್‌ಡ್ಯಾಮಿಗೆ ಹೋಗಿತ್ತು. ಷೇರು ವಹಿವಾಟಿನಲ್ಲೂ ಅದೇ ನಗರ ಆ ತಿಂಗಳು ಲಂಡನ್ನನ್ನು ಹಿಂದಿಕ್ಕಿತು. ಕೋವಿಡ್ ಮತ್ತು ಉಕ್ರೇನ್ ಯುದ್ಧದ ಹೊಡೆತದಿಂದ ಬ್ರೆಕ್ಸಿಟ್ಟಿನ ಹೊಡೆತವನ್ನು ಬೇರ್ಪಡಿಸುವುದು ಕಷ್ಟ. ಆದರೂ ಸರ್ಕಾರದ ಲೆಕ್ಕಪತ್ರವನ್ನು ಸ್ವತಂತ್ರವಾಗಿ ಅಂದಾಜಿಸುವ ಒಬಿಆರ್ ಸಂಸ್ಥೆಯ ಲೆಕ್ಕದಲ್ಲಿ, ಒಕ್ಕೂಟದಲ್ಲಿದ್ದಿದ್ದರೆ ಇರಬಹುದಾಗಿದ್ದ ಉತ್ಪಾದಕತೆಗಿಂತ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿತ, ಆಮದು ರಫ್ತಿನಲ್ಲಿ ಶೇ 15ರಷ್ಟು ಕಡಿತ.

ವಲಸೆಯ ಲೆಕ್ಕ ಯಾರ ನಿರೀಕ್ಷೆಯಂತೆಯೂ ನಡೆಯಲಿಲ್ಲ. ಯುರೋಪಿನವರ ಮುಕ್ತ ಓಡಾಟ ನಿಂತಿತು. 2021ರ ಶರತ್ಕಾಲದಲ್ಲಿ ಲಾರಿ ಚಾಲಕರಿಲ್ಲದೆ ಪೆಟ್ರೋಲ್ ಬಂಕ್‌ಗಳು ಬರಿದಾದವು. ಅಂಕ ಆಧಾರಿತ ಹೊಸ ವೀಸಾ ಪದ್ಧತಿಯಲ್ಲಿ ಭಾರತ, ನೈಜೀರಿಯಾ ಮುಂತಾದ ಕಡೆಗಳಿಂದ ಬಂದವರು ಹೆಚ್ಚಿದರು. ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರೂ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿದ್ದಾರೆ. 2023ರ ಜೂನಿಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತೆಂದು ಆಮೇಲೆ ಪರಿಷ್ಕರಿಸಿದ ಅಂಕಿಗಳು ಹೇಳಿದವು. ನಂತರ ನಿಯಮ ಬಿಗಿಯಾಯಿತು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕುಟುಂಬವನ್ನು ಕರೆದೊಯ್ಯುವಂತಿಲ್ಲ ಎಂಬ ನಿರ್ಬಂಧ 2024ರ ಜನವರಿಯಲ್ಲಿ ಬಂದು ನಮ್ಮ ಕಡೆಯ ಎಷ್ಟೋ ಮನೆಗಳ ಯೋಜನೆ ಬದಲಾಯಿತು.

ಸಮುದ್ರದ ಗಡಿ ಕಾಗದದಲ್ಲಿ ಸುಲಭವಾಗಿತ್ತು, ಬೆಲ್‌ಫಾಸ್ಟ್ ಮತ್ತು ಲಾರ್ನ್ ಬಂದರುಗಳಲ್ಲಿ ಆಗಲಿಲ್ಲ. ಇಂಗ್ಲೆಂಡಿನಿಂದ ಬರುವ ಗಿಡದ ಬೇರಿಗೆ ಅಂಟಿದ ಮಣ್ಣು, ಸಾಸೇಜು, ಬೀಜದ ಆಲೂಗಡ್ಡೆ, ಔಷಧ ಎಲ್ಲದಕ್ಕೂ ತಕರಾರು ಎದ್ದಿತು. ತಮ್ಮನ್ನು ತಮ್ಮದೇ ದೇಶದಿಂದ ಕಡಿದು ಬೇರೆ ಮಾಡಿದರೆಂಬ ಭಾವ ಯೂನಿಯನಿಸ್ಟರಲ್ಲಿ ಬೇರೂರಿತು. ಆ ನೋವು ಸುಳ್ಳಲ್ಲ. ಸಮುದ್ರದಲ್ಲಿ ಗಡಿ ಇರುವುದಿಲ್ಲವೆಂಬ ಭರವಸೆಯನ್ನು ಅವರಿಗೆ ಮತ್ತೆ ಮತ್ತೆ ಕೊಡಲಾಗಿತ್ತು. 2021ರ ಏಪ್ರಿಲಿನಲ್ಲಿ ಬೆಲ್‌ಫಾಸ್ಟ್‌ನ ಬೀದಿಗಳಲ್ಲಿ ಹದಿಹರೆಯದ ಹುಡುಗರು ಪೆಟ್ರೋಲ್ ಬಾಂಬ್ ಎಸೆದರು, ಬಸ್ಸು ಸುಟ್ಟರು. 1998ರ ಒಪ್ಪಂದ ಆದಾಗ ಅವರಲ್ಲಿ ಹಲವರು ಹುಟ್ಟಿಯೂ ಇರಲಿಲ್ಲ. 2022ರ ಫೆಬ್ರುವರಿಯಲ್ಲಿ ಡಿಯುಪಿ ಸ್ಟಾರ್ಮಂಟ್ ಸರ್ಕಾರದಿಂದ ಹೊರನಡೆಯಿತು. ಮೇ ತಿಂಗಳ ಚುನಾವಣೆಯಲ್ಲಿ 27 ಸ್ಥಾನ ಗೆದ್ದ ಸಿನ್ ಫೇನ್ ಮೊದಲ ಬಾರಿಗೆ ಅತಿ ದೊಡ್ಡ ಪಕ್ಷವಾಯಿತು. ಆದರೆ ಎರಡೂ ಸಮುದಾಯ ಕೂಡದೆ ಅಲ್ಲಿ ಸರ್ಕಾರ ರಚಿಸುವಂತಿಲ್ಲ. ಎರಡು ವರ್ಷ ಆಸ್ಪತ್ರೆ, ಶಾಲೆಗಳ ನಿರ್ಧಾರ ಕೈಗೊಳ್ಳಲು ಪೂರ್ಣ ಅಧಿಕಾರದ ಸರ್ಕಾರವೇ ಇರಲಿಲ್ಲ.

ಕರ್ನಾಟಕದ ಅಳಿಯ ಎಂದು ನಮ್ಮ ಪತ್ರಿಕೆಗಳು ಬರೆದ ರಿಷಿ ಸುನಕ್ 2016ರಲ್ಲಿ ಬಿಡೋಣ ಎಂದಿದ್ದವರು. 2023ರ ಫೆಬ್ರುವರಿ 27ರಂದು ಅವರು ಪ್ರಧಾನಿಯಾಗಿ, ಒಕ್ಕೂಟದ ಆಯೋಗದ ಅಧ್ಯಕ್ಷೆ ಉರ್ಸುಲಾ ವಾನ್ ಡೆರ್ ಲೇಯೆನ್ ಜೊತೆ ವಿಂಡ್ಸರ್ ಚೌಕಟ್ಟನ್ನು ಪ್ರಕಟಿಸಿದರು. ಉತ್ತರ ಐರ್ಲೆಂಡ್‌ನಲ್ಲೇ ಉಳಿಯುವ ಸರಕಿಗೆ ಹಸಿರು ದಾರಿ, ದಕ್ಷಿಣಕ್ಕೆ ದಾಟಬಹುದಾದ ಸರಕಿಗೆ ಕೆಂಪು ದಾರಿ. ಮರುದಿನ ಸುನಕ್, ಎರಡೂ ಮಾರುಕಟ್ಟೆಗೆ ಪ್ರವೇಶವಿರುವ ಉತ್ತರ ಐರ್ಲೆಂಡ್ ಎಷ್ಟು ಅದೃಷ್ಟದ ನೆಲವೆಂದು ಅಲ್ಲಿಯ ಕಾರ್ಮಿಕರ ಮುಂದೆ ಹೊಗಳಿದರು. 2020ರ ಕೊನೆಯವರೆಗೆ ಆ ಪ್ರವೇಶ ಇಡೀ ಬ್ರಿಟನ್ನಿಗೆ ಇತ್ತು. 2024ರ ಫೆಬ್ರುವರಿಯಲ್ಲಿ ಡಿಯುಪಿ ಮರಳಿತು, ಸಿನ್ ಫೇನ್‌ನ ಮಿಷೆಲ್ ಓನೀಲ್ ಪ್ರಥಮ ಸಚಿವೆಯಾದರು. ಡಿಸೆಂಬರ್ 10ರಂದು ಸ್ಟಾರ್ಮಂಟ್ ಈ ವ್ಯವಸ್ಥೆ ಮುಂದುವರಿಯಲಿ ಎಂದು 48–36ರಿಂದ ಮತ ಹಾಕಿತು. ಯೂನಿಯನಿಸ್ಟರ ಒಪ್ಪಿಗೆ ಸಿಗದಿದ್ದರಿಂದ ಅದರ ಅವಧಿ ಎಂಟು ವರ್ಷದ ಬದಲು ನಾಲ್ಕೇ ವರ್ಷ.

2025ರ ಮೇ 19ರಂದು ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಸರ್ಕಾರ ಒಕ್ಕೂಟದೊಂದಿಗೆ ಹೊಸ ಮಾತುಕತೆಗೆ ದಾರಿ ತೆರೆಯಿತು. ಆಹಾರ, ಪ್ರಾಣಿ, ಸಸ್ಯಗಳ ವಿಷಯದಲ್ಲಿ ಬ್ರಿಟನ್ ಯುರೋಪಿನ ನಿಯಮಗಳನ್ನು ಅವು ಬದಲಾದಂತೆಲ್ಲ ಪಾಲಿಸುವುದು, ಅವುಗಳ ಅರ್ಥದ ಬಗ್ಗೆ ಯುರೋಪಿನ ನ್ಯಾಯಾಲಯದ ಮಾತೇ ಕೊನೆ ಎಂದು ಒಪ್ಪುವುದು, ಬದಲಿಗೆ ಪಶುವೈದ್ಯರ ಪ್ರಮಾಣಪತ್ರಗಳಿಂದ ಬಹುಪಾಲು ಬಿಡುಗಡೆ ಪಡೆಯುವುದು ಅದರ ಸಾರ. ಜೊತೆಗೆ ಯುರೋಪಿನ ದೋಣಿಗಳು 2038ರವರೆಗೆ ಬ್ರಿಟನ್ನಿನ ನೀರಿನಲ್ಲಿ ಮೀನು ಹಿಡಿಯಬಹುದು. ಇದು ಜಾರಿಯಾದರೆ ಐರಿಶ್ ಸಮುದ್ರದ ಬಂದರುಗಳಲ್ಲಿ ಆಹಾರದ ತಪಾಸಣೆ ಬಹುತೇಕ ಕರಗುತ್ತದೆ. ಸುಂಕದ ಕಾಗದಗಳು ಉಳಿಯುತ್ತವೆ, ಏಕೆಂದರೆ ಏಕ ಮಾರುಕಟ್ಟೆಗಾಗಲಿ ಸುಂಕ ಒಕ್ಕೂಟಕ್ಕಾಗಲಿ ಮರಳುವುದಿಲ್ಲ ಎಂದು ಲೇಬರ್ ಪಕ್ಷ 2024ರ ಪ್ರಣಾಳಿಕೆಯಲ್ಲಿ ಬರೆದಿತ್ತು. ಸ್ಟಾರ್ಮಂಟ್ ಮುಂದೆ ಈ ವ್ಯವಸ್ಥೆ ಮತ್ತೆ ಮತಕ್ಕೆ ಬರುವುದು 2028ರಲ್ಲಿ.