ಟಿ ಕೋಶಗಳು: ಗುರುತು ನೋಡಿ ಕೆಲಸ ಹೇಳಬಹುದೇ?

ಟಿ ಕೋಶವೆಂದರೆ ರೋಗನಿರೋಧಕ ಬಿಳಿರಕ್ತಕಣಗಳ ಒಂದು ಬಗೆ. ಇಂಥ ಕೋಶಗಳ ಮೇಲ್ಮೈಯಲ್ಲಿರುವ ಗುರುತಿನ ಅಣುಗಳಿಗೆ ಕೊಟ್ಟ ಹೆಸರುಗಳೇ ಸಿಡಿ ಸಂಖ್ಯೆಗಳು. ಅವನ್ನು ಬಾಯಿಪಾಠ ಮಾಡಲು ಕುಳಿತವರಿಗೆ ಮೊದಲ ಮಾತು: ಆ ಅಂಕಿಗಳಲ್ಲಿ ಅರ್ಥ ಹುಡುಕಬೇಡಿ. ಒಂದೇ ಅಣುವಿಗೆ ಅಂಟುವ ಪ್ರತಿಕಾಯವನ್ನು ಒಂದು ಪ್ರಯೋಗಾಲಯ ಓಕೆಟಿ4 ಎಂದರೆ ಮತ್ತೊಂದು ಲ್ಯೂ3 ಎನ್ನುತ್ತಿತ್ತು. ಈ ಗೊಂದಲ ಬಿಡಿಸಲು 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ತಜ್ಞರು ಸಾಮಾನ್ಯ ಸಂಖ್ಯೆಗಳನ್ನು ಕೊಡತೊಡಗಿದರು. ಆ ಅಣು ಸಿಡಿ4 ಆಯಿತು.

ಟಿ ಕೋಶವೆಂದು ಹೇಳಲು ಸಿಡಿ3 ಬೇಕು. ಪ್ರತಿಜನಕವನ್ನು, ಅಂದರೆ ರೋಗಾಣು ಮುಂತಾದವುಗಳ ತುಣುಕನ್ನು, ಗುರುತಿಸುವ ಗ್ರಾಹಕಕ್ಕೆ ತಗುಲಿಕೊಂಡು ಸಂಕೇತವನ್ನು ಕೋಶದೊಳಕ್ಕೆ ಮುಟ್ಟಿಸುವುದು ಅದೇ. ಆ ತುಣುಕನ್ನು ಬೇರೆ ಕೋಶಗಳು ಎತ್ತಿ ತೋರಿಸುವ ಅಣುಗಳಿಗೆ ಎಂಎಚ್‌ಸಿ ಎಂದು ಹೆಸರು, ಅವುಗಳಲ್ಲಿ ಎರಡು ವರ್ಗ. ಸಹಾಯಕ ಟಿ ಕೋಶದ ಸಿಡಿ4 ಎಂಎಚ್‌ಸಿ ಎರಡನೆಯ ವರ್ಗವನ್ನು ಹಿಡಿಯುತ್ತದೆ, ಕೊಲ್ಲುವ ಕೋಶದ ಸಿಡಿ8 ಮೊದಲನೆಯದನ್ನು. ನಾಲ್ಕೆರಡಲಿ ಎಂಟು, ಎಂಟೊಂದಲಿ ಎಂಟು. ಮಗ್ಗಿ ಬಂದರೆ ಇದು ಮರೆಯದು. ಮಾನೋಸೈಟ್ ಎಂಬ ಬೇರೆ ಬಿಳಿರಕ್ತಕಣಗಳ ಮೇಲೂ ಸಿಡಿ4 ಅಲ್ಪಸ್ವಲ್ಪ ಇರುವುದರಿಂದ ಸಿಡಿ3 ನೋಡದೆ ತೀರ್ಮಾನಕ್ಕೆ ಬರಬಾರದು.

ನಾನು ಬಹಳ ದಿನ ಎಡವಿದ್ದು ಸಿಡಿ45 ಅಣುವಿನ ಒಂದು ರೂಪವಾದ ಸಿಡಿ45ಆರ್‌ಎ ವಿಷಯದಲ್ಲಿ. ಅದಿದ್ದರೆ ಪ್ರತಿಜನಕವನ್ನೇ ಕಾಣದ ಹೊಸ ಕೋಶ, ಸಿಡಿ45ಆರ್‌ಒ ಇದ್ದರೆ ಸ್ಮೃತಿಕೋಶ ಎಂದು ಬರೆದುಕೊಂಡಿದ್ದೆ. ಆದರೆ ಹಲವು ಸಲ ಕಾದಾಡಿ ಪಳಗಿದ ಕೆಲವು ಕೋಶಗಳು, ಮುಖ್ಯವಾಗಿ ಸಿಡಿ8 ಗುಂಪಿನವು, ಮತ್ತೆ ಸಿಡಿ45ಆರ್‌ಎ ತೊಡುತ್ತವೆ. ಅವನ್ನು ಬಯಲಿಗೆಳೆಯುವುದು ಸಿಸಿಆರ್7. ದುಗ್ಧಗ್ರಂಥಿಗೆ ದಾರಿ ತೋರುವ ಈ ಗ್ರಾಹಕ ಹೊಸ ಕೋಶದಲ್ಲಿದೆ, ಪಳಗಿದ ಕೋಶದಲ್ಲಿಲ್ಲ. ಸಿಡಿ45ಆರ್‌ಎ, ಸಿಸಿಆರ್7 ಎರಡನ್ನೂ ಸೇರಿಸಿ ನೋಡಿದರೆ ನಾಲ್ಕು ಗುಂಪು ಸಿಗುತ್ತವೆ: ಎರಡೂ ಇದ್ದರೆ ಹೊಸದು, ಸಿಸಿಆರ್7 ಮಾತ್ರ ಇದ್ದರೆ ಕೇಂದ್ರ ಸ್ಮೃತಿ, ಎರಡೂ ಇಲ್ಲದಿದ್ದರೆ ಕಾರ್ಯಕಾರಿ ಸ್ಮೃತಿ, ಸಿಡಿ45ಆರ್‌ಎ ಮಾತ್ರ ಉಳಿದರೆ ಈ ವೇಷಧಾರಿ. ಇದೂ ಪೂರ್ಣವಲ್ಲ, ಎರಡೂ ಇರುವ ಗುಂಪಿನಲ್ಲೇ ಸಿಡಿ95 ಹೊತ್ತ ಕಾಂಡಸ್ಮೃತಿ ಕೋಶಗಳು ಅಡಗಿರುತ್ತವೆ.

ಸಹಾಯಕರ ಒಳಭೇದಗಳಲ್ಲಿ ಸಿಎಕ್ಸ್‌ಸಿಆರ್3 ಎಂಬ ಗ್ರಾಹಕ ಟಿಎಚ್1 ಎಂಬ ಬಗೆಯತ್ತ, ಸಿಸಿಆರ್6 ಟಿಎಚ್17 ಎಂಬುದರತ್ತ, ಸಿಎಕ್ಸ್‌ಸಿಆರ್5 ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ನೆರವಾಗುವವುಗಳತ್ತ ಬೆರಳು ತೋರುತ್ತವೆ. ಬೆರಳು ತೋರುತ್ತವೆ, ಅಷ್ಟೇ. ಕೋಶ ಯಾವ ಸೈಟೊಕೈನ್, ಅಂದರೆ ಸಂದೇಶ ಒಯ್ಯುವ ಪ್ರೋಟೀನು, ಸುರಿಸುತ್ತದೆ ಎಂದು ಅಳೆದೇ ನೋಡಬೇಕು.

ಕೊನೆಯ ತೊಡಕು ರೋಗನಿರೋಧಕ ಪ್ರತಿಕ್ರಿಯೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳದು. 1995ರಲ್ಲಿ ಜಪಾನಿನ ವಿಜ್ಞಾನಿ ಶಿಮೋನ್ ಸಕಗುಚಿ ಇಲಿಗಳಲ್ಲಿ ಇವನ್ನು ಸಿಡಿ25ರಿಂದ ಗುರುತಿಸಿದರು. ಆದರೆ ಮನುಷ್ಯರಲ್ಲಿ ಪ್ರಚೋದನೆಗೊಂಡ ಸಾಮಾನ್ಯ ಟಿ ಕೋಶವೂ ಸಿಡಿ25 ಹೊರುತ್ತದೆ, ನಿಯಂತ್ರಕ ಕೋಶಗಳ ಇನ್ನೊಂದು ಗುರುತಾದ ಫಾಕ್ಸ್‌ಪಿ3ಯನ್ನೂ ಕೆಲಕಾಲ ತೋರಿಸುತ್ತದೆ. ಮೇಲಾಗಿ ಫಾಕ್ಸ್‌ಪಿ3 ಕೋಶಕೇಂದ್ರದ ಪ್ರೋಟೀನು. ಅದಕ್ಕೆ ಬಣ್ಣ ಹಾಕಲು ಪೊರೆಯನ್ನು ತೂತು ಮಾಡಿದರೆ ಕೋಶ ಸಾಯುತ್ತದೆ. ಜೀವಂತವಾಗಿ ಬೇಕಾದಾಗ ಸಿಡಿ25 ಹೆಚ್ಚಿದ್ದು ಸಿಡಿ127 ಕಡಿಮೆಯಿರುವುದನ್ನು ಆರಿಸುತ್ತಾರೆ.