ಲೋಹಶಾಸ್ತ್ರದ ಪದವಿ ಮತ್ತು ಎನ್‌ಬಿಎ ಮಾನ್ಯತೆ: ಪುಣೆ, ಮುಂಬಯಿಯಿಂದ ಒಂದು ಹಿನ್ನೋಟ

ಎಂಜಿನಿಯರಿಂಗ್ ಪ್ರವೇಶದ ದಿನಗಳು ಬಂದರೆ ಪುಣೆ, ಮುಂಬಯಿಯ ಕನ್ನಡ ಮನೆಗಳಲ್ಲಿ ಕಾಲೇಜಿನ ಹೆಸರು, ಶುಲ್ಕ, ಪ್ಲೇಸ್‌ಮೆಂಟ್‌ಗಳ ಜೊತೆಗೆ ‘ಎನ್‌ಬಿಎ ಇದೆಯೇ?’ ಎಂಬ ಪ್ರಶ್ನೆಯೂ ಈಗ ಕೇಳಿಬರುತ್ತದೆ. ಎನ್‌ಬಿಎ ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿ; ಅದು ಕೊಡುವ ಈ ಮಾನ್ಯತೆ ನಿಜಕ್ಕೂ ಏನನ್ನು ಅಳೆಯುತ್ತದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಮೆಟಲರ್ಜಿ ಮತ್ತು ಮಟೀರಿಯಲ್ಸ್ ಎಂಜಿನಿಯರಿಂಗ್ ಶಾಖೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಏಕೆಂದರೆ ಕಳೆದ ಆರೇಳು ದಶಕಗಳಲ್ಲಿ ಆ ಶಾಖೆಯ ಗುರಿಯೇ ಬದಲಾಗಿದೆ.

ಪುಣೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ 1854ರಷ್ಟು ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು ಓದಿದ್ದು ಇಲ್ಲಿಯೇ. ಮುಂದೆ ಅವರ ಪ್ರಯತ್ನದ ಫಲವಾಗಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ, ಅವರು ಕಲಿತ ಕಾಲೇಜಿನಲ್ಲಿ ಲೋಹಶಾಸ್ತ್ರದ ಪದವಿ ಇರಲಿಲ್ಲ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಆ ಪದವಿ ಶಿಕ್ಷಣ ಆರಂಭವಾದದ್ದು ಅದೇ 1923ರಲ್ಲಿ; ಪುಣೆಗೆ ಅದು ಬಂದದ್ದು ಸ್ವಾತಂತ್ರ್ಯದ ನಂತರ, 1948ರಲ್ಲಿ. ಹತ್ತು ವರ್ಷ ಕಳೆದು, 1958ರಲ್ಲಿ, ಯುನೆಸ್ಕೋ ಮೂಲಕ ದೊರೆತ ಸೋವಿಯತ್ ನೆರವಿನಿಂದ ಐಐಟಿ ಬಾಂಬೆ ಸ್ಥಾಪನೆಯಾದಾಗ ಅದರ ಮೊದಲ ವಿಭಾಗಗಳಲ್ಲಿ ಲೋಹಶಾಸ್ತ್ರವೂ ಸೇರಿತ್ತು. ಎರಡನೆಯ ಪಂಚವಾರ್ಷಿಕ ಯೋಜನೆಯಡಿ ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳಲ್ಲಿ ಉಕ್ಕಿನ ಸ್ಥಾವರಗಳು ಎದ್ದು ನಿಲ್ಲುತ್ತಿದ್ದ ಕಾಲವದು. ಊದುಕುಲುಮೆಯನ್ನೂ ರೋಲಿಂಗ್ ಮಿಲ್ಲನ್ನೂ ನಡೆಸಬಲ್ಲ ಎಂಜಿನಿಯರುಗಳು ಬೇಕಿದ್ದರು. ಪದವಿಯ ಗುರಿಯನ್ನು ಯಾರೂ ಬರೆದಿಡಬೇಕಾಗಿರಲಿಲ್ಲ. ದೇಶದ ಅಗತ್ಯವೇ ಅದನ್ನು ಹೇಳುತ್ತಿತ್ತು.

ಅಷ್ಟರಲ್ಲಿ ಅಮೆರಿಕದಲ್ಲಿ ಈ ವಿದ್ಯೆಯ ಎಲ್ಲೆ ಹಿಗ್ಗತೊಡಗಿತ್ತು. ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಆರ್ಪಾ 1960ರಲ್ಲಿ ಕಾರ್ನೆಲ್, ಪೆನ್ಸಿಲ್ವೇನಿಯಾ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳಲ್ಲಿ ಅಂತರಶಿಸ್ತೀಯ ಪ್ರಯೋಗಾಲಯಗಳಿಗೆ ಹಣ ಒದಗಿಸಿದ ಮೇಲೆ ಲೋಹ, ಸೆರಾಮಿಕ್, ಪಾಲಿಮರ್, ಅರೆವಾಹಕಗಳನ್ನು ಒಂದೇ ದೃಷ್ಟಿಯಿಂದ ನೋಡುವ ಕ್ರಮ ಬಲಗೊಂಡಿತು. ಒಳರಚನೆ, ಗುಣಧರ್ಮ, ಸಂಸ್ಕರಣೆ, ಬಳಕೆಯಲ್ಲಿನ ನಿರ್ವಹಣೆ ಎಂಬ ನಾಲ್ಕರ ಪರಸ್ಪರ ಸಂಬಂಧವೇ ಈ ಶಾಖೆಯ ತಿರುಳಾಯಿತು. ನಮ್ಮಲ್ಲಿಯೂ ವಿಭಾಗಗಳ ಹೆಸರಿಗೆ ‘ಮಟೀರಿಯಲ್ಸ್’ ಸೇರಿಕೊಂಡಿತು. ಹೆಸರು ಬದಲಾದಷ್ಟು ಬೇಗ ಪಠ್ಯಕ್ರಮ ಬದಲಾಗುವುದಿಲ್ಲ.

ಮಾನ್ಯತೆಯ ಕಥೆ ಬೇರೊಂದು ದಾರಿಯಲ್ಲಿ ಬಂದದ್ದು. 1945ರಲ್ಲಿ ಸಲಹಾ ಸಂಸ್ಥೆಯಾಗಿ ಹುಟ್ಟಿದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿಗೆ 1987ರ ಕಾಯ್ದೆ ಶಾಸನಬದ್ಧ ಅಧಿಕಾರ ನೀಡಿತು; ಅದರಡಿ 1994ರಲ್ಲಿ ಎನ್‌ಬಿಎ ಸ್ಥಾಪನೆಯಾಯಿತು. ಪರಿಷತ್ತಿನ ಅನುಮೋದನೆ ಕೋರ್ಸ್ ನಡೆಸಲು ಬೇಕಾದ ಪರವಾನಗಿ. ಎನ್‌ಬಿಎ ನೀಡುವುದು ಆ ಕೋರ್ಸಿನ ಗುಣಮಟ್ಟದ ಪರಿಶೀಲನೆಯ ಫಲಿತಾಂಶ. ಅದೇ ವರ್ಷ ಬೆಂಗಳೂರಿನಲ್ಲಿ ಆರಂಭವಾದ ನ್ಯಾಕ್ (ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು) ಇಡೀ ಸಂಸ್ಥೆಯನ್ನು ನೋಡಿದರೆ, ಎನ್‌ಬಿಎ ಒಂದೊಂದು ಪದವಿಯನ್ನೂ ಪ್ರತ್ಯೇಕವಾಗಿ ನೋಡುತ್ತದೆ.

ಆರಂಭದ ವರ್ಷಗಳಲ್ಲಿ ಒತ್ತು ಬೀಳುತ್ತಿದ್ದದ್ದು ಬೋಧಕರ ಸಂಖ್ಯೆ, ಕಟ್ಟಡ, ಪ್ರಯೋಗಾಲಯದ ಯಂತ್ರಗಳ ಮೇಲೆ. ಸದಸ್ಯ ದೇಶಗಳು ಪರಸ್ಪರರ ಮಾನ್ಯ ಎಂಜಿನಿಯರಿಂಗ್ ಪದವಿಗಳನ್ನು ಒಪ್ಪಿಕೊಳ್ಳುವ, 1989ರಲ್ಲಿ ಆರು ದೇಶಗಳ ಸಂಸ್ಥೆಗಳು ಸಹಿ ಮಾಡಿದ ವಾಷಿಂಗ್ಟನ್ ಒಪ್ಪಂದಕ್ಕೆ ಸೇರುವ ಪ್ರಯತ್ನ ಈ ದೃಷ್ಟಿಯನ್ನು ಬದಲಿಸಿತು. ಭಾರತ 2007ರಲ್ಲಿ ತಾತ್ಕಾಲಿಕ ಸದಸ್ಯತ್ವ ಪಡೆಯಿತು, 2010ರಲ್ಲಿ ಎನ್‌ಬಿಎ ಸ್ವಾಯತ್ತವಾಯಿತು, 2014ರ ಜೂನ್ 13ರಂದು ಕಾಯಂ ಸದಸ್ಯತ್ವ ದೊರೆಯಿತು. ಆದರೆ ಒಪ್ಪಂದದ ಅಂತರರಾಷ್ಟ್ರೀಯ ಮನ್ನಣೆ ಸಂದದ್ದು ಸ್ವಾಯತ್ತ ಸಂಸ್ಥೆ ಮತ್ತು ವಿಶ್ವವಿದ್ಯಾಲಯ ವಿಭಾಗಗಳ ‘ಟಯರ್-1’ ಪದವಿಗಳಿಗೆ. ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಸಾಮಾನ್ಯ ಕಾಲೇಜುಗಳಿಗೆ ಅಲ್ಲ. ವಿದೇಶಕ್ಕೆ ಹೋಗಬಯಸುವ ಮಕ್ಕಳ ಪೋಷಕರು ಬಹುಮಟ್ಟಿಗೆ ಗಮನಿಸದ ವ್ಯತ್ಯಾಸವಿದು.

ಈ ಹೊಸ ಕ್ರಮದಲ್ಲಿ ಪ್ರತಿಯೊಂದು ವಿಭಾಗವೂ ತನ್ನ ಪದವೀಧರರು ಕೆಲವು ವರ್ಷಗಳ ವೃತ್ತಿಜೀವನದಲ್ಲಿ ಏನನ್ನು ಸಾಧಿಸಬೇಕೆಂಬ ಶೈಕ್ಷಣಿಕ ಗುರಿಗಳನ್ನೂ, ಪದವಿ ಮುಗಿಸುವ ಹೊತ್ತಿಗೆ ಅವರಲ್ಲಿ ಇರಬೇಕಾದ ಸಾಮರ್ಥ್ಯಗಳನ್ನೂ ಬರೆದಿಡಬೇಕು. ಪ್ರತಿ ವಿಷಯದ ಕಲಿಕೆಯ ಫಲವನ್ನು ಆ ಸಾಮರ್ಥ್ಯಗಳಿಗೆ ಜೋಡಿಸಿ, ಎಷ್ಟು ಈಡೇರಿತೆಂದು ಅಳೆದು, ಕೊರತೆ ಕಂಡಲ್ಲಿ ಬೋಧನೆಯನ್ನು ತಿದ್ದಬೇಕು. ಮಟೀರಿಯಲ್ಸ್ ವಿಭಾಗಕ್ಕೆ ಇದು ಹೇಳಿ ಮಾಡಿಸಿದ ಕ್ರಮವೆಂದೇ ನನ್ನ ಅಭಿಪ್ರಾಯ. ಪುಣೆಯ ಸುತ್ತಲಿನ ಫೋರ್ಜಿಂಗ್ ಘಟಕವೊಂದರಲ್ಲಿ ತಯಾರಾದ ಕ್ರ್ಯಾಂಕ್‌ಶಾಫ್ಟ್ ಬಳಕೆಯಲ್ಲಿ ತುಂಡಾಯಿತು ಎಂದುಕೊಳ್ಳಿ. ಬಿರುಕು ಬಿಟ್ಟ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಲೋಹದ ಆಯಾಸದ (ಮತ್ತೆ ಮತ್ತೆ ಬೀಳುವ ಒತ್ತಡದಿಂದ ಬಿರುಕು ಬೆಳೆಯುವುದರ) ಗುರುತುಗಳನ್ನು ಪತ್ತೆ ಹಚ್ಚುವುದು, ಉಕ್ಕಿನೊಳಗಿನ ಕಲ್ಮಶ ಕಾರಣವೋ ಹೀಟ್ ಟ್ರೀಟ್‌ಮೆಂಟಿನ ದೋಷ ಕಾರಣವೋ ಎಂದು ನಿರ್ಧರಿಸುವುದು, ಅದನ್ನು ವಿನ್ಯಾಸಕಾರರಿಗೂ ಶಾಪ್‌ಫ್ಲೋರಿನ ಕೆಲಸಗಾರರಿಗೂ ಅರ್ಥವಾಗುವಂತೆ ಹೇಳುವುದು: ವಿಶ್ಲೇಷಣೆ, ತನಿಖೆ, ಸಂವಹನ, ವೃತ್ತಿನೀತಿ ಇವೆಲ್ಲ ಇದೊಂದೇ ಕೆಲಸದಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ಮೂರು ಗಂಟೆಯ ಲಿಖಿತ ಪರೀಕ್ಷೆ ಇದನ್ನು ಅಳೆಯಲಾರದು.

ಅಳತೆ ಬರೀ ಕಾಗದದ ಮೇಲೆ ಉಳಿದಾಗ ಈ ವ್ಯವಸ್ಥೆ ಸೊರಗುತ್ತದೆ. ವಿಷಯ ಮತ್ತು ಸಾಮರ್ಥ್ಯಗಳ ನಂಟನ್ನು 1, 2, 3 ಎಂದು ಅಂಕೆಗಳಲ್ಲಿ ತುಂಬುವ ಕೋಷ್ಟಕಗಳು ಬೋಧಕರ ಸಮಯವನ್ನು ನುಂಗುತ್ತವೆ. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಬಲದಿಂದ ಈ ಶಾಖೆಗೆ ಬಂದು, ಪದವಿ ಮುಗಿದ ಕೂಡಲೇ ಸಾಫ್ಟ್‌ವೇರ್ ಅಥವಾ ಹಣಕಾಸು ಕ್ಷೇತ್ರಕ್ಕೆ ಹೊರಳುವ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ಅವರ ವೃತ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಗುರಿವಾಕ್ಯ ಪ್ರಾಮಾಣಿಕವಾಗಲಾರದು. ಅವರನ್ನಷ್ಟೇ ನೋಡಿ ಗುರಿ ಬರೆದರೆ ಬೆಳಗಾವಿಯ ಫೌಂಡ್ರಿಗಳಿಗೂ ಚಾಕಣದ ವಾಹನ ಕಾರ್ಖಾನೆಗಳಿಗೂ ಬೇಕಾದ ಎಂಜಿನಿಯರ್ ಸಿಗುವುದಿಲ್ಲ. ಹಳೆಯ ವಿದ್ಯಾರ್ಥಿಗಳನ್ನೂ ಉದ್ಯಮದವರನ್ನೂ ಕೂರಿಸಿಕೊಂಡು ಗುರಿಗಳನ್ನು ಮರುಪರಿಶೀಲಿಸಬೇಕೆಂಬ ನಿಯಮ ಇರುವುದೇ ಇದಕ್ಕಾಗಿ. ಆ ಸಭೆಗಳ ನಡಾವಳಿಯಲ್ಲಿ ಪಠ್ಯಕ್ರಮದ ಯಾವ ಬದಲಾವಣೆ ದಾಖಲಾಗಿದೆ ಎಂಬುದನ್ನು ಪರಿಶೀಲನಾ ತಂಡ ಮೊದಲು ಕೇಳಬೇಕು.

ವಾಷಿಂಗ್ಟನ್ ಒಪ್ಪಂದವನ್ನು ಒಳಗೊಂಡ ಅಂತರರಾಷ್ಟ್ರೀಯ ಎಂಜಿನಿಯರಿಂಗ್ ಒಕ್ಕೂಟ 2021ರಲ್ಲಿ ಪದವೀಧರರಲ್ಲಿ ಇರಬೇಕಾದ 12 ಗುಣಲಕ್ಷಣಗಳನ್ನು 11ಕ್ಕೆ ಇಳಿಸಿ, ಸುಸ್ಥಿರ ಅಭಿವೃದ್ಧಿಗೆ ಹೆಚ್ಚಿನ ಒತ್ತು ಕೊಟ್ಟಿತು. ಗುಜರಿ ಉಕ್ಕಿನ ಮರುಬಳಕೆ, ಬ್ಯಾಟರಿಯಿಂದ ಲೋಹ ಹಿಂಪಡೆಯುವಿಕೆ, ಉಕ್ಕು ತಯಾರಿಕೆಯ ಇಂಗಾಲದ ಹೊರೆ ಇವು ಇನ್ನು ಐಚ್ಛಿಕ ವಿಷಯಗಳಾಗಿ ಉಳಿಯಲಾರವು. ಪ್ರವೇಶಕ್ಕೆ ಮುನ್ನ ಪೋಷಕರು ನೋಡಬೇಕಾದದ್ದು ಕಾಲೇಜಿನ ಜಾಹೀರಾತನ್ನಲ್ಲ, ಎನ್‌ಬಿಎ ಪಟ್ಟಿಯನ್ನು: ಮಾನ್ಯತೆ ಇರುವುದು ಇದೇ ಪದವಿಗೋ ಪಕ್ಕದ ವಿಭಾಗಕ್ಕೋ, ದೊರೆತದ್ದು 3 ವರ್ಷಕ್ಕೋ 6 ವರ್ಷಕ್ಕೋ, ಅದರ ಅವಧಿ ಯಾವ ಶೈಕ್ಷಣಿಕ ವರ್ಷಕ್ಕೆ ಮುಗಿಯುತ್ತದೆ ಎಂಬ ಮೂರೂ ವಿವರಗಳು ಅಲ್ಲಿ ಸಿಗುತ್ತವೆ.